ಚಿತ್ರದುರ್ಗದ ಕೋಟೆ: ಮಂಡಿ ನೋವಿರುವ, ಗೋಡೆ ಕಟ್ಟುವ ಅಪ್ಪನನ್ನು ಎಲ್ಲಿಯವರೆಗೆ ಹತ್ತಿಸಬಹುದು?

ಪಾಂಡವಪುರದ ಮಗಳು, ಮೈಸೂರು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಪ್ರವಾಸದ ಬಗ್ಗೆ ಬರೆಯುವವರು ಬರೆದಿದ್ದನ್ನೆಲ್ಲ ಓದಿಯಾಯಿತು. ಎಲ್ಲರೂ ಓಬವ್ವನ ಕಿಂಡಿ, ಸೂರ್ಯಾಸ್ತ, ಕೋತಿಗಳಿವೆ ಎಚ್ಚರ ಎಂದು ಮುಗಿಸುತ್ತಾರೆ. ನನಗೆ ಬೇಕಾದದ್ದು ಗೋಡೆಯ ವಿಷಯ.

ಅಪ್ಪನಿಗೆ ಎಪ್ಪತ್ತೊಂದು ವರ್ಷ. ಪಾಂಡವಪುರದ ಕಡೆಯವರು. ನಲವತ್ತು ವರ್ಷ ಕಲ್ಲುಗೋಡೆ ಕಟ್ಟಿದ ಕೈ. ಬೇಬಿ ಬೆಟ್ಟದ ಕಡೆಯಿಂದ ಬರುತ್ತಿದ್ದ ಸೈಜುಗಲ್ಲಿನಲ್ಲಿ ಮನೆಯ ಪಾಯ, ಕಾಲುವೆಯ ಬದಿ, ಬಾವಿಯ ಒಳಸುತ್ತು, ಶಾಲೆಯ ಕಾಂಪೌಂಡು, ಎಲ್ಲವನ್ನೂ ಕಟ್ಟಿದ್ದಾರೆ. ನಮ್ಮ ತಾಲ್ಲೂಕಿನಲ್ಲಿ ಅವರ ಜೊತೆ ಬಸ್ಸಿನಲ್ಲಿ ಹೋದರೆ ಕಿಟಕಿಯಾಚೆ ಬೆರಳು ಮಾಡಿ ‘ಅದು ನನ್ನದು, ಅದೂ ನನ್ನದು’ ಎನ್ನುತ್ತಿರುತ್ತಾರೆ. ಚಿಕ್ಕವಳಿದ್ದಾಗ ಅಷ್ಟೂ ಆಸ್ತಿ ನಮ್ಮದೇ ಎಂದು ನಂಬಿ, ಶಾಲೆಯಲ್ಲಿ ಹೇಳಿಕೊಂಡು ಪೇಚಿಗೆ ಸಿಕ್ಕಿದ್ದೆ.

ಈಗ ಅವರು ನನ್ನ ಜೊತೆ ಮೈಸೂರಿನಲ್ಲಿದ್ದಾರೆ. ಬಲಗಾಲಿನ ಮಂಡಿ ಸವೆದಿದೆ. ಸಮತಟ್ಟಿನಲ್ಲಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಹತ್ತುವುದು ನಿಧಾನ, ಇಳಿಯುವುದು ಕಷ್ಟ. ಊರುಗೋಲು ಕೊಟ್ಟರೆ ಹಿಡಿಯುತ್ತಾರೆ, ಯಾರಾದರೂ ನೋಡುತ್ತಿದ್ದರೆ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾರೆ.

ಕಳೆದ ತಿಂಗಳು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. 1799ರ ಮೇ 4ರಂದು ಇಂಗ್ಲಿಷರು ಒಡೆದು ನುಗ್ಗಿದ ವಾಯವ್ಯ ಮೂಲೆಯಲ್ಲಿ ನಾನು ಇತಿಹಾಸ ಹೇಳುತ್ತಿದ್ದೆ. ಅಪ್ಪ ಗೋಡೆಯ ಸಂದಿಗೆ ಉಗುರು ಹಾಕಿ ಕೆರೆದು ನೋಡಿ, ‘ಇದರಲ್ಲಿ ಗಾರೆ ಇದೆ’ ಎಂದರು. ಗಾರೆ ಇದ್ದರೇನಂತೆ ಎಂದೆ. ‘ಗಾರೆಯಿಲ್ಲದೆ ಎತ್ತಿದ ಕೋಟೆ ದುರ್ಗದಲ್ಲಿದೆ ಎಂದು ಹಿರಿಯೂರಿನ ಮೇಸ್ತ್ರಿಯೊಬ್ಬ ಹೇಳುತ್ತಿದ್ದ. ನಾನು ನಂಬಿರಲಿಲ್ಲ. ಅವನು ಸತ್ತ. ನೋಡಿಬಿಡಬೇಕು’ ಎಂದರು. ಅಪ್ಪ ಬಾಯಿಬಿಟ್ಟು ಒಂದು ಕಡೆಗೆ ಹೋಗಬೇಕೆಂದು ಕೇಳಿದ್ದು ನನಗೆ ನೆನಪಿರುವಂತೆ ಇದೇ ಮೊದಲು.

ಆದ್ದರಿಂದ ಕೇಳುತ್ತಿದ್ದೇನೆ. ಗೋಡೆಯನ್ನು ಮುಟ್ಟಿ ನೋಡುವಷ್ಟು ಹತ್ತಿರ, ಹೆಚ್ಚು ಹತ್ತದೆ, ಎಲ್ಲೆಲ್ಲಿ ಹೋಗಬಹುದು? ಎಲ್ಲಿಂದ ಮುಂದೆ ಅವರನ್ನು ಬಿಡಬಾರದು? ಒಂದು ದಿನ ಸಾಕೇ?

ಸಕ್ಕರೆ ನಾಡಿನವ, ಮಂಡ್ಯ

ಮೇಡಂ, ಅಷ್ಟು ದೂರ ಏಕೆ? ಮೇಲುಕೋಟೆಗೆ ಕರೆದುಕೊಂಡು ಹೋಗಿ. ಹೆಸರಿನಲ್ಲೇ ಕೋಟೆ ಇದೆ. ರಾಯಗೋಪುರದ ಕಂಬಗಳನ್ನು ನೋಡಿದರೆ ಕಲ್ಲಿನ ಕೆಲಸದವರು ಬೆರಗಾಗಬೇಕು. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಅರ್ಧಕ್ಕೆ ನಿಂತಿತು ಎಂದು ಕಥೆಯಿದೆ. ಬಿಸಿ ಪುಳಿಯೋಗರೆ ತಿಂದು ಸಂಜೆಗೆ ಮನೆ ಸೇರಬಹುದು.

ಪಾಂಡವಪುರದ ಮಗಳು

ಸರ್, ಮೇಲುಕೋಟೆ ನಮ್ಮ ತಾಲ್ಲೂಕೇ. ವೈರಮುಡಿಗೆ ಹೋಗದ ವರ್ಷವಿಲ್ಲ. ರಾಯಗೋಪುರದ ಬಗ್ಗೆ ಅಪ್ಪನ ಅಭಿಪ್ರಾಯ ಇಷ್ಟೇ: ‘ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ, ಗುತ್ತಿಗೆದಾರ ಹಣ ಕೊಟ್ಟಿಲ್ಲ, ಬಿಟ್ಟು ಹೋಗಿದ್ದಾರೆ.’

ದುರ್ಗದ ಮಗ, ಮಂಡ್ಯದ ಅಳಿಯ

ಅಕ್ಕ, ನಾನು ಹುಟ್ಟಿ ಬೆಳೆದದ್ದು ಆ ಕೋಟೆಯ ನೆರಳಿನಲ್ಲೇ. ಮದುವೆಯಾದ ಮೇಲೆ ಮಂಡ್ಯಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು, ಸೈಕಲ್ ಅಂಗಡಿ ಇಟ್ಟಿದ್ದೇನೆ. ನಮ್ಮ ಕೊನೆಯ ಪಾಳೆಯಗಾರ ಮದಕರಿ ನಾಯಕನನ್ನು 1779ರಲ್ಲಿ ಹೈದರಾಲಿ ಸೆರೆಹಿಡಿದು ನಿಮ್ಮ ಶ್ರೀರಂಗಪಟ್ಟಣಕ್ಕೆ ತಂದ. ನಾಯಕ ಅಲ್ಲೇ ತೀರಿಕೊಂಡ. ನಾನೂ ಹಾಗೆಯೇ ಈ ಕಡೆ ಬಂದವನು ಎಂದರೆ ನನ್ನ ಹೆಂಡತಿಗೆ ಸಿಟ್ಟು ಬರುತ್ತದೆ.

ನಿಮ್ಮ ತಂದೆಯವರಿಗೆ ಆ ಮೇಸ್ತ್ರಿ ಹೇಳಿದ್ದು ನಿಜ. ಕೋಟೆಯ ದೊಡ್ಡ ಗೋಡೆಗಳ ಮೈಯಲ್ಲಿ ಗಾರೆಯಿಲ್ಲ. ಕಲ್ಲಿಗೆ ಕಲ್ಲನ್ನು ಕಡಿದು ಕೂರಿಸಿದ್ದಾರೆ. ಮೇಲಿನ ತೆನೆಗಳಲ್ಲಿ, ಅಂದರೆ ಗೋಡೆಯ ನೆತ್ತಿಯ ಹಲ್ಲಿನಂಥ ಸಾಲಿನಲ್ಲಿ ಮಾತ್ರ ಇಟ್ಟಿಗೆ, ಗಾರೆ ಕಾಣುತ್ತವೆ. ಬೆಲ್ಲ, ಮೊಟ್ಟೆ ಬೆರೆಸಿ ಕೋಟೆ ಕಟ್ಟಿದರು ಎಂದು ಯಾರಾದರೂ ದಾರಿಯಲ್ಲಿ ಹೇಳಿದರೆ ತಂದೆಯವರನ್ನು ಸುಮ್ಮನಿರಿಸಿ, ಜಗಳ ಬೇಡ.

ಈಗ ದಾರಿ ಹೇಳುತ್ತೇನೆ. ಎಲ್ಲರೂ ಕಾರು ನಿಲ್ಲಿಸಿ ನೇರ ಟಿಕೆಟ್ ತೆಗೆದುಕೊಂಡು ಬೆಟ್ಟ ಹತ್ತುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಊರೊಳಗಿನ ರಂಗಯ್ಯನ ಬಾಗಿಲಿಗೆ ಹೋಗಿ. ಏಳು ಸುತ್ತಿನ ಕೋಟೆ ಎನ್ನುವುದರಲ್ಲಿ ಕೆಳಗಿನ ಮೂರು ಸುತ್ತು ನೆಲದ ಮೇಲೆ, ಮೇಲಿನ ನಾಲ್ಕು ಬೆಟ್ಟದ ಮೇಲೆ ಎಂದು ನಮ್ಮಲ್ಲಿ ಎಣಿಕೆ. ಕೆಳಗಿನವನ್ನು ಊರು ನುಂಗಿದೆ. ಗೋಡೆಗೆ ಬೆನ್ನು ಕೊಟ್ಟು ಮನೆಗಳಿವೆ, ಬಟ್ಟೆ ಒಣಗುತ್ತಿರುತ್ತವೆ. ರಂಗಯ್ಯನ ಬಾಗಿಲಿನಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವಿದೆ. ಅಲ್ಲಿ ಹತ್ತುವುದೇನೂ ಇಲ್ಲ, ರಸ್ತೆಯಲ್ಲೇ ನಿಂತು ಗೋಡೆ ನೋಡಬಹುದು. ಇದು ಹಿಂದಿನ ಸಂಜೆಯ ಕೆಲಸ. ಅಂದರೆ ಎರಡು ದಿನ ಬೇಕು.

ಮರುದಿನ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಬೆಟ್ಟಕ್ಕೆ ಹೊರಡಿ. ನಮ್ಮ ಕಡೆ ಬಂಡೆ ಒಮ್ಮೆ ಕಾದರೆ ಸಂಜೆಯವರೆಗೆ ಆರುವುದಿಲ್ಲ. ಮೊದಲು ಸಿಗುವುದು ಕಾಮನ ಬಾಗಿಲು. ಅಲ್ಲಿಂದ ಮುಂದಿನ ಬಾಗಿಲುಗಳವರೆಗೆ ಮೆಟ್ಟಿಲಿಗಿಂತ ಕಲ್ಲು ಹಾಸಿದ ಏರುದಾರಿಯೇ ಹೆಚ್ಚು. ನಿಧಾನವಾಗಿ ನಡೆದರೆ ಮಂಡಿಗೆ ಅಷ್ಟು ತೊಂದರೆಯಿಲ್ಲ. ಗೋಡೆ ನೋಡುವವರಿಗೆ ಇಡೀ ಕೋಟೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಲ್ಲಿ ದಾರಿಯನ್ನು ಗಮನಿಸಿ. ಒಂದು ಬಾಗಿಲು ದಾಟಿದರೆ ಎದುರಿಗೆ ಇನ್ನೊಂದು ಬಾಗಿಲು ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಹೊರಳಬೇಕು, ಮತ್ತೆ ಹೊರಳಬೇಕು. ಬಾಗಿಲ ಮುಂದೆ ಅಂಗಳ ಎನ್ನುವಷ್ಟು ಜಾಗವನ್ನೂ ಬಿಟ್ಟಿಲ್ಲ. ಆನೆ ಹಿಂದಕ್ಕೆ ಸರಿದು ಓಡಿಬಂದು ಕದಕ್ಕೆ ಗುದ್ದಲು ಓಟ ಬೇಕು, ಆ ಓಟಕ್ಕೇ ಎಡೆ ಕೊಟ್ಟಿಲ್ಲ. ಹಾಗೆ ಸಿಕ್ಕಿಕೊಂಡು ನಿಂತವರ ತಲೆಯ ಮೇಲೆ ಮೂರು ಕಡೆಯಿಂದಲೂ ಗೋಡೆ ಇರುತ್ತದೆ. ಚಿಕ್ಕಂದಿನಲ್ಲಿ ನಾವು ಕಳ್ಳ ಪೊಲೀಸ್ ಆಡುವಾಗ ಈ ತಿರುವಿನಲ್ಲಿ ಯಾವಾಗಲೂ ಪೊಲೀಸರೇ ಸೋಲುತ್ತಿದ್ದರು. ಬಾಗಿಲ ಎರಡೂ ಬದಿಯ ಕಲ್ಲಿನಲ್ಲಿ ಕದ ತಿರುಗುತ್ತಿದ್ದ ಕುಳಿ, ಅಗುಳಿಯ ಮರ ತೂರಿಸುತ್ತಿದ್ದ ಚೌಕ ರಂಧ್ರ ಇವೆ. ತಂದೆಯವರಿಗೆ ಹೇಳಬೇಕಾಗಿಲ್ಲ, ಅವರೇ ಕೈ ಹಾಕುತ್ತಾರೆ.

ಇನ್ನೊಂದನ್ನು ತಪ್ಪದೆ ತೋರಿಸಿ. ಗೋಡೆ ಎಲ್ಲಿ ಹುಟ್ಟುಬಂಡೆಯ ಮೇಲೆ ಹತ್ತುತ್ತದೆಯೋ ಅಲ್ಲಿ ಬಂಡೆಯನ್ನು ಮಟ್ಟ ಮಾಡಿಲ್ಲ. ಬಂಡೆಯ ಉಬ್ಬು ತಗ್ಗು ಹೇಗಿದೆಯೋ ಹಾಗೆ ಮೇಲಿನ ಕಲ್ಲಿನ ಅಡಿಯನ್ನು ಕಡಿದು ಕೂರಿಸಿದ್ದಾರೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ದೂರದಿಂದ ಹೇಳಲಾಗುವುದಿಲ್ಲ.

ಅಲ್ಲೇ ಸ್ವಲ್ಪ ಮುಂದೆ ಒಂದು ಹೊಂಡದಂಥ ಜಾಗದಲ್ಲಿ ಸಿಡಿಮದ್ದು ಅರೆಯುತ್ತಿದ್ದ ನಾಲ್ಕು ದೊಡ್ಡ ಬೀಸುವ ಕಲ್ಲುಗಳಿವೆ. ಮೇಲೆ ನಿಂತೇ ನೋಡಬಹುದು. ಇನ್ನೂ ಹತ್ತುವ ಶಕ್ತಿಯಿದ್ದರೆ ಏಕನಾಥೇಶ್ವರಿ ಗುಡಿಯ ಕಡೆಗೆ ಹೋಗಿ. ಅಲ್ಲಿನ ಕಲ್ಲಿನ ಉಯ್ಯಾಲೆ ಕಂಬದ ಹತ್ತಿರ ಗಾಳಿ ಚೆನ್ನಾಗಿ ಬೀಸುತ್ತದೆ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆಯ ಕಡೆ ಮಣ್ಣಿನ ಗೋಡೆಗಳಿವೆ. ಸುತ್ತ ಇಷ್ಟೊಂದು ಕಲ್ಲಿದ್ದೂ ಕಚೇರಿಗೆ ಮಣ್ಣಿನ ಗೋಡೆ ಎಬ್ಬಿಸಿದ್ದಾರೆ. ಎರಡು ಶತಮಾನಕ್ಕಿಂತ ಹೆಚ್ಚು ಕಾಲದ ಮಳೆ ತಿಂದೂ ಅವು ನಿಂತಿವೆ.

ತುಪ್ಪದ ಕೊಳದ ಬಂಡೆಗೆ ಬೇಡವೇ ಬೇಡ. ಕಡಿದಾದ ಬಂಡೆಗೆ ಪಾದದ ಮುಂಭಾಗ ಊರುವಷ್ಟು ಕಚ್ಚು ಹಾಕಿದ್ದಾರೆ, ಅಷ್ಟೇ. ಹತ್ತಿದವರು ಇಳಿಯುವಾಗ ದೇವರನ್ನು ನೆನೆಯುತ್ತಾರೆ. ಓಬವ್ವನ ಕಿಂಡಿಗೆ ಮೆಟ್ಟಿಲು ಇಳಿಯಬೇಕು. ಇಳಿಯುವುದೇ ಕಷ್ಟ ಎಂದಿದ್ದೀರಿ. ಆ ಹೊತ್ತಿಗೆ ಅವರ ಮುಖ ನೋಡಿ ತೀರ್ಮಾನಿಸಿ.

ಪುಸ್ತಕಗಳಲ್ಲಿ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ, 4 ಗುಪ್ತ ದಾರಿ ಎಂದು ಲೆಕ್ಕ ಕೊಡುತ್ತಾರೆ. ಐದನೆಯ ತರಗತಿಯಲ್ಲಿದ್ದಾಗ ನಾನೂ ನನ್ನ ಅಣ್ಣನೂ ಎಣಿಸಲು ಹೊರಟಿದ್ದೆವು. ಹನ್ನೊಂದಕ್ಕೆ ಹಸಿವಾಯಿತು.

ಹಳೆಯ ಪತ್ರಿಕೆ, ಮೈಸೂರು

ಟಿಪ್ಪುವಿನ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದಾಗ ಓಬವ್ವ ಒನಕೆಯಿಂದ ಹೊಡೆದು ಹಾಕಿದ ಆ ಕಿಂಡಿಯನ್ನು ನೋಡದೆ ಬಂದರೆ ದುರ್ಗ ನೋಡಿದಂತೆ ಆಗುವುದಿಲ್ಲ. ಹೊತ್ತುಕೊಂಡಾದರೂ ಹೋಗಿ.

ದುರ್ಗದ ಮಗ, ಮಂಡ್ಯದ ಅಳಿಯ

ಸರ್, ಟಿಪ್ಪು ಅಲ್ಲ, ಹೈದರಾಲಿಯ ಸೈನಿಕರು. ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಹೋಗಿದ್ದಳು ಎನ್ನುವುದು ನಮ್ಮ ಊರಿನ ಪ್ರತಿ ಮಗುವಿಗೂ ಗೊತ್ತು. ನೀರು ತರಲು ಹೋದ ತಣ್ಣೀರು ದೋಣಿ ಈಗಲೂ ಕಿಂಡಿಯ ಹತ್ತಿರ ಇದೆ. ಇನ್ನೊಂದು ವಿಷಯ. ಹೈದರ್ ಹಲವು ಸಲ ಬಂದು ಮುತ್ತಿಗೆ ಹಾಕಿದರೂ ಈ ಗೋಡೆಗಳನ್ನು ಒಡೆದು ಗೆದ್ದವನಲ್ಲ. ಕೊನೆಗೆ ಕೋಟೆಯ ಒಳಗಿನವರೇ ಕೈಕೊಟ್ಟರು. ಶ್ರೀರಂಗಪಟ್ಟಣದ ಗೋಡೆ ತೋಪಿಗೆ ಬಾಯಿಬಿಟ್ಟಿತು. ನಮ್ಮದು ಬಿಡಲಿಲ್ಲ. ಇದನ್ನು ಹೇಳಿದರೂ ನನ್ನ ಹೆಂಡತಿಗೆ ಸಿಟ್ಟು ಬರುತ್ತದೆ.

ಮಂಡಿ ನೋವಿನ ಹಿರಿಯರನ್ನು ಹೊತ್ತುಕೊಂಡು ಹೋಗಿ ಎನ್ನುವ ಸಲಹೆಯನ್ನು ನೀವೇ ಒಮ್ಮೆ ಮಾಡಿ ತೋರಿಸಿ.

ಲಾಂಗ್ ರೂಟ್, ಮೈಸೂರು

ದಾರಿಯ ಬಗ್ಗೆ ಯಾರೂ ಹೇಳಿಲ್ಲ. ಬೆಂಗಳೂರಿನ ಮೇಲೆ ಹೋಗಬೇಡಿ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು, ಅಲ್ಲಿಂದ ಹೆದ್ದಾರಿ ಹಿಡಿದು ಚಿತ್ರದುರ್ಗ. ನಿಲ್ಲಿಸಿಕೊಂಡು ಹೋದರೆ ಅರ್ಧ ದಿನ ಎಂದು ಇಟ್ಟುಕೊಳ್ಳಿ. ನಾಗಮಂಗಲದಲ್ಲಿ ತಿಂಡಿ ಮುಗಿಸಿಬಿಡಿ, ಆಮೇಲೆ ಆಯ್ಕೆ ಕಡಿಮೆ. ಕಲ್ಲುಕಟ್ಟಡ ನೋಡುವವರಾದರೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರಕ್ಕೂ ಒಂದು ಗಂಟೆ ಕೊಡಿ. ನಮ್ಮ ಮಹಾರಾಜರ ಕಾಲದಲ್ಲಿ, 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ.

ಪಾಂಡವಪುರದ ಮಗಳು

ಹೋಗಿ ಬಂದೆವು. ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಬಾಡಿಗೆ ಕಾರು ಮಾಡಿಕೊಂಡು ನಾಗಮಂಗಲದ ದಾರಿಯಲ್ಲೇ ಹೋದೆವು. ಅಣೆಕಟ್ಟಿಗೆ ಹೋಗಲಿಲ್ಲ, ಹುಳಿಯಾರು ದಾಟುವಾಗಲೇ ಮಧ್ಯಾಹ್ನವಾಗಿತ್ತು. ಸಂಜೆ ರಂಗಯ್ಯನ ಬಾಗಿಲು ನೋಡಿದೆವು. ಅಪ್ಪ ವಸ್ತುಸಂಗ್ರಹಾಲಯದ ಒಳಗೆ ಐದು ನಿಮಿಷ, ಹೊರಗಿನ ಗೋಡೆಯ ಹತ್ತಿರ ಮುಕ್ಕಾಲು ಗಂಟೆ ಇದ್ದರು. ರಾತ್ರಿ ನಾವು ಉಳಿದ ವಸತಿಗೃಹದಲ್ಲಿ ಬಿಸಿನೀರು ಬರಲಿಲ್ಲ, ಅದನ್ನು ಬಿಟ್ಟರೆ ಹೇಳುವಂಥದ್ದೇನಿಲ್ಲ.

ಬೆಳಗ್ಗೆ ಕಾಮನ ಬಾಗಿಲಿಗೆ ಬಂದಾಗ ಬಿಸಿಲು ಇನ್ನೂ ಗೋಡೆಯ ತೆನೆಯ ಮೇಲೆ ಮಾತ್ರ ಇತ್ತು. ಮಾರ್ಗದರ್ಶಿಯೊಬ್ಬರು ಜೊತೆಗೆ ಬಂದರು. ಅವರು ಏಳು ಹೆಡೆಯ ಸರ್ಪದ ಕೆತ್ತನೆ ತೋರಿಸಿ ವಿವರಿಸುತ್ತಿದ್ದರು. ಅಪ್ಪ ಅವರ ಹಿಂದೆ, ಎದೆಯ ಮಟ್ಟದ ಒಂದು ಸಾಲಿನ ಹತ್ತಿರ ನಿಂತುಬಿಟ್ಟರು. ಕನ್ನಡಕ ತೆಗೆದರು. ಊರುಗೋಲನ್ನು ನನಗೆ ಕೊಟ್ಟರು. ಎರಡು ಕಲ್ಲಿನ ನಡುವೆ ಹೆಬ್ಬೆರಳಿನ ಉಗುರನ್ನು ಇಟ್ಟು ಮೇಲಿನಿಂದ ಕೆಳಕ್ಕೆ ಎಳೆದರು. ಉಗುರು ಎಲ್ಲೂ ಒಳಗೆ ಹೋಗಲಿಲ್ಲ. ಮತ್ತೊಂದು ಸಂದಿ. ಮತ್ತೊಂದು. ಆ ಕಲ್ಲುಗಳು ಒಂದೇ ಅಳತೆಯವಲ್ಲ. ಒಂದರ ಮೂಲೆ ಕಡಿದು ಎರಡನೆಯದನ್ನು ಅದಕ್ಕೆ ಸೇರಿಸಿದ್ದಾರೆ, ಎರಡನೆಯದರ ಓರೆಗೆ ಮೂರನೆಯದನ್ನು ಹೊಂದಿಸಿದ್ದಾರೆ. ಸೈಜುಗಲ್ಲಿನಂತೆ ತಂದು ಇಟ್ಟದ್ದಲ್ಲ, ಪ್ರತಿ ಕಲ್ಲಿಗೂ ಅಕ್ಕಪಕ್ಕದ ಕಲ್ಲೇ ಅಳತೆ.

‘ಚಕ್ಕೆ ಇಟ್ಟಿಲ್ಲ’ ಎಂದರು ಅಪ್ಪ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಲ್ಲುಗೋಡೆ ಕಟ್ಟುವಾಗ ಎರಡು ಕಲ್ಲು ಸರಿಯಾಗಿ ಕೂರದಿದ್ದರೆ ಸಂದಿಗೆ ಸಣ್ಣ ಚಕ್ಕೆ ಹೊಡೆದು, ಗಾರೆ ತುಂಬಿ ಮುಚ್ಚುತ್ತಾರೆ. ಅಪ್ಪನ ಕಾಲದಲ್ಲಿ ಚಕ್ಕೆ ಆಯುವುದು ನಮ್ಮ ಅಮ್ಮನ ಕೆಲಸವಾಗಿತ್ತು, ಬುಟ್ಟಿಯಲ್ಲಿ ತುಂಬಿಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದರು. ಅಪ್ಪ ಕೈ ಚಾಚಿದರೆ ಬೇಕಾದ ಗಾತ್ರದ ಚಕ್ಕೆ ಅಂಗೈಗೆ ಬರುತ್ತಿತ್ತಂತೆ. ಅಷ್ಟು ದೊಡ್ಡ ಗೋಡೆಯ ಮುಂದೆ ನಿಂತು ಅಪ್ಪ ಮೊದಲು ಹುಡುಕಿದ್ದು ಆ ಚಕ್ಕೆಗಳನ್ನು.

ಮೊದಲ ಬಾಗಿಲು ದಾಟಲು ನಮಗೆ ನಲವತ್ತು ನಿಮಿಷ ಹಿಡಿಯಿತು. ಮಾರ್ಗದರ್ಶಿಗೆ ಅವಸರವಿತ್ತು. ಆದರೆ ಮುಂದೆ ಒಂದು ಬಂಡೆಯ ಹತ್ತಿರ ಅವರಿಬ್ಬರಿಗೂ ಮಾತು ಹತ್ತಿತು. ಬಂಡೆಯ ಮೈಮೇಲೆ ನೇರವಾಗಿ ಏಳು ಚೌಕ ಕುಳಿಗಳ ಸಾಲು, ಒಂದೊಂದೂ ಬೆಂಕಿಪೊಟ್ಟಣ ಹಿಡಿಯುವಷ್ಟು. ಒಣ ಮರದ ಬೆಣೆ ಬಡಿದು ನೀರು ಹಾಕುತ್ತಿದ್ದರು, ಮರ ಉಬ್ಬಿ ಬಂಡೆ ಸೀಳುತ್ತಿತ್ತು ಎಂದರು ಅವರು. ಅಪ್ಪ ಇಲ್ಲ ಎನ್ನಲಿಲ್ಲ. ‘ನಾವು ಕಬ್ಬಿಣದ ಬೆಣೆ ಹೊಡೆಯುತ್ತಿದ್ದೆವು. ಬೆಣೆ ಯಾವುದಾದರೂ ಇರಲಿ, ಕಲ್ಲಿನ ಎಳೆ ಯಾವ ಕಡೆಗಿದೆ ಎಂದು ನೋಡಬೇಕು. ಇವನು ನೋಡಿಲ್ಲ, ಅದಕ್ಕೇ ಒಡೆದಿಲ್ಲ’ ಎಂದರು. ನಿಜ, ಕುಳಿಗಳಿದ್ದವು, ಬಂಡೆ ಇಡಿಯಾಗಿಯೇ ಇತ್ತು. ‘ಹೊಸ ಹುಡುಗ ಇರಬೇಕು. ಮೇಸ್ತ್ರಿ ಬೈದಿರುತ್ತಾನೆ’ ಎಂದು ಆ ಕುಳಿಗಳ ಮೇಲೆ ಕೈಯಾಡಿಸಿದರು. ಆಮೇಲೆ ಮಾರ್ಗದರ್ಶಿ ವಿವರಿಸುವುದನ್ನು ನಿಲ್ಲಿಸಿ ಅಪ್ಪನನ್ನೇ ಕೇಳತೊಡಗಿದರು. ಕೊನೆಯಲ್ಲಿ ಹಣ ಕೊಡಲು ಹೋದಾಗ ಅರ್ಧ ಸಾಕು ಎಂದದ್ದು ನನಗೆ ಆಶ್ಚರ್ಯ. ನಾನು ಪೂರ್ತಿಯೇ ಕೊಟ್ಟೆ.

ಉಯ್ಯಾಲೆ ಕಂಬದವರೆಗೆ ಹತ್ತಿದರು. ಮಣ್ಣಿನ ಗೋಡೆಗಳನ್ನು ದೂರದಿಂದ ನೋಡಿ ‘ಅದು ಬೇರೆಯವರ ಕೆಲಸ’ ಎಂದು ಗೌರವದಿಂದಲೇ ಬಿಟ್ಟರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಇಳಿಯುತ್ತದೆ ಎಂದು ಕೇಳಿದಾಗ ಮಾತ್ರ ಹೋಗಿ ನೋಡಬೇಕೆಂದು ಹಟ ಹಿಡಿದರು. ನಾನು ಮಂಡಿ ತೋರಿಸಿದೆ. ಸುಮ್ಮನಾದರು.

ಓಬವ್ವನ ಕಿಂಡಿಯ ಮೆಟ್ಟಿಲ ತಲೆಯಲ್ಲಿ ಅಪ್ಪ ಕೂತರು, ನಾನೊಬ್ಬಳೇ ಇಳಿದೆ. ತಣ್ಣೀರು ದೋಣಿಯ ನೀರಿನಲ್ಲಿ ಕೈ ಅದ್ದಿದೆ, ಹೆಸರಿಗೆ ತಕ್ಕ ಹಾಗೆಯೇ ಇದೆ. ಕಿಂಡಿಯಲ್ಲಿ ತಲೆ ತಗ್ಗಿಸಿ, ಭುಜ ಓರೆ ಮಾಡಿ ತೂರಿದೆ. ಆ ಕ್ಷಣ ಎರಡೂ ಕೈ ಕಟ್ಟಿಹಾಕಿದಂತೆ ಆಗುತ್ತದೆ. ಕತ್ತಿಯಿದ್ದವನಿಗೂ ಬೀಸಲು ಜಾಗವಿಲ್ಲ. ಒನಕೆ ಹಿಡಿದು ಹೊರಗೆ ನಿಂತವಳ ಕೆಲಸ ಎಷ್ಟು ಸಲೀಸು ಎಂದು ಆಗ ತಿಳಿಯಿತು. ಏದುಸಿರು ಬಿಡುತ್ತ ಮೇಲೆ ಬಂದು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಮೇಲಿನ ಕಲ್ಲು ಇಟ್ಟದ್ದೋ, ಹುಟ್ಟುಬಂಡೆಯೋ?’ ಎಂದರು. ನಾನು ನೋಡಿರಲಿಲ್ಲ. ‘ಮತ್ತೆ ಏನು ನೋಡಿದೆ?’ ಎಂದರು.

ಇನ್ನೊಂದು ಸಲ ಇಳಿದೆ. ಈ ಸಲ ಫೋಟೊ ತೆಗೆದು ತಂದೆ. ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ, ಬಣ್ಣದ ಚುಕ್ಕೆಗಳಷ್ಟೇ ಉಳಿಯುವವರೆಗೆ ನೋಡಿ, ‘ಹೂಂ’ ಎಂದರು. ಯಾವುದಕ್ಕೆ ಹೂಂ ಎಂದು ಕೇಳುವ ಶಕ್ತಿ ನನಗೆ ಉಳಿದಿರಲಿಲ್ಲ.

ದುರ್ಗದ ಮಗ, ಮಂಡ್ಯದ ಅಳಿಯ

ಅಕ್ಕ, ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡೇ ಓದಿದೆ. ಆ ಏಳು ಕುಳಿಗಳನ್ನು ನಾವು ಮಣೆಯಾಟದ ಗುಣಿ ಎಂದುಕೊಂಡು ಹುಣಸೆಬೀಜ ಹಾಕಿ ಆಡುತ್ತಿದ್ದೆವು. ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಮಂಡಿ ಹೇಗಿದೆ?

ಪಾಂಡವಪುರದ ಮಗಳು

ಎರಡು ದಿನ ಊದಿಕೊಂಡಿತ್ತು, ಈಗ ಪರವಾಗಿಲ್ಲ ಅಣ್ಣ. ಹುಣಸೆಬೀಜದ ವಿಷಯ ಹೇಳಿದೆ, ‘ಅವನಿಂದ ಅಷ್ಟಾದರೂ ಉಪಯೋಗವಾಯಿತಲ್ಲ’ ಎಂದು ನಕ್ಕರು.

ವಾಪಸು ಬರುವಾಗ ಪಾಂಡವಪುರ ದಾಟುವ ಹೊತ್ತಿಗೆ ಸಂಜೆಯಾಗಿತ್ತು. ಆ ಶಾಲೆಯ ಕಾಂಪೌಂಡು ಬಂತು. ಅಪ್ಪ ಬೆರಳು ಎತ್ತುತ್ತಾರೆ ಎಂದು ನಾನು ಡ್ರೈವರಿಗೆ ಮೊದಲೇ ಕಥೆ ಹೇಳಿ ನಗಿಸಿದ್ದೆ. ಅಪ್ಪ ಕಾರನ್ನು ಸ್ವಲ್ಪ ನಿಧಾನ ಮಾಡಿಸಿದರು. ಗಾಜು ಇಳಿಸಿ, ಗೋಡೆ ಮುಗಿಯುವವರೆಗೆ ನೋಡಿದರು.

‘ಚಕ್ಕೆ ಜಾಸ್ತಿ ಹಾಕಿಬಿಟ್ಟೆ’ ಎಂದರು.